ಮಗಳಮ್ಮನ ಗುಡಿ

ಮಣಿಗಲ್ಲು ನೋಡಲು ಬರುವವರು ಬೆಳಿಗ್ಗೆ ಮೂಡಣ ಬಾಗಿಲಿನಿಂದ ಶುರುಮಾಡುತ್ತಾರೆ. ಕೋಟೆ, ಅದರಾಚೆ ಚಿತ್ರಮಂಟಪ, ಅಲ್ಲಿಂದ ಮೆಟ್ಟಿಲುಬಾವಿ, ಅರಮನೆಯ ಅಡಿಪಾಯ ಎಂದು ಸುತ್ತಿ ಸುತ್ತಿ, ಹೊತ್ತು ಇಳಿಯುವಷ್ಟರಲ್ಲಿ ಕಾಲು ಸೋತು, ಬಾಟಲಿಯ ನೀರು ತೀರಿ, ಫೋಟೊ ತೆಗೆಯುವ ಉಮೇದೂ ತಣ್ಣಗಾದ ಮೇಲೆ ಕೆರೆಯ ಏರಿಯ ಕೆಳಗಿರುವ ಒಂದು ಪುಟ್ಟ ಗುಡಿಗೆ ಬಂದು ಮುಟ್ಟುತ್ತಾರೆ. ಗರ್ಭಗುಡಿಯಲ್ಲಿರುವುದು ಶಿವಲಿಂಗ, ಎದುರಿಗೆ ನಂದಿ. ಆದರೂ ಊರಿನಲ್ಲಿ ಯಾರೂ ಇದನ್ನು ಈಶ್ವರನ ಗುಡಿ ಎನ್ನುವುದಿಲ್ಲ. ಮಗಳಮ್ಮನ ಗುಡಿ ಎನ್ನುತ್ತಾರೆ. ಮಗಳಮ್ಮನೆಂದರೆ ಗರ್ಭಗುಡಿಯ ಬಾಗಿಲ ಎಡಮಗ್ಗುಲಿಗೆ ಹಣತೆ ಹಿಡಿದು ನಿಂತಿರುವ ಕಲ್ಲಿನ ಹುಡುಗಿ. ಅರಿಶಿನ ಕುಂಕುಮ ಮೊದಲು ಏರುವುದು ಅವಳಿಗೆ, ಲಿಂಗಕ್ಕೆ ಹೂವು ಆಮೇಲೆ. ಮನೆಯ ಯಜಮಾನನನ್ನು ಬಿಟ್ಟು ಬಾಗಿಲಲ್ಲಿ ನಿಂತವಳಿಗೆ ಮೊದಲ ಪೂಜೆ ಯಾಕೆಂದು ಪರವೂರಿನವರು ನಗುತ್ತಾರೆ. ನಗಲಿ. ಶಿವನಿಗೇ ಇಲ್ಲದ ಬೇಸರ ಉಳಿದವರಿಗೆ ಯಾಕೆ?

ಹಿಂದೆ ಒಮ್ಮೆ ಮಣಿಗಲ್ಲು ರಾಜಧಾನಿಯಾಗಿತ್ತು. ಕಲ್ಲು ಕೆತ್ತುವವರು, ಗೋಡೆಗೆ ಚಿತ್ರ ಬರೆಯುವವರು, ಎರಕ ಹೊಯ್ಯುವವರು ಕೇರಿ ಕೇರಿಯೇ ತುಂಬಿದ್ದರು. ಊರು ನೋಡಲೆಂದೇ ದೂರದ ನಾಡುಗಳಿಂದ ಅತಿಥಿಗಳು ಬರುತ್ತಿದ್ದರು. ಬಂದವರಿಗೆ ಊರು ತೋರಿಸಲು ಒಂದು ಮನೆತನವನ್ನೇ ನೇಮಿಸಿ ಹೊಲ ಉಂಬಳಿ ಬಿಟ್ಟಿದ್ದರು. ಆ ಕೆಲಸಕ್ಕೆ ಕಟ್ಟುಪಾಡಿತ್ತು. ಹೊತ್ತು ಮೂಡುವಾಗ ಅತಿಥಿಯನ್ನು ಮೂಡಣ ಬಾಗಿಲಲ್ಲಿ ಎದುರುಗೊಳ್ಳಬೇಕು. ದೀಪ ಹಚ್ಚುವ ಹೊತ್ತಿಗೆ ತಿರುಗಾಟ ಮುಗಿಯಬೇಕು. ಕತ್ತಲೆಯ ಗುಡಿಗಳಲ್ಲಿ ಪ್ರತಿ ಮೂರ್ತಿಯ ಮುಖಕ್ಕೂ ಕೈದೀಪ ಎತ್ತಿ ಹಿಡಿದು, ಅದು ಯಾರ ಕೈಕೆಲಸವೆಂದು ಹೇಳಬೇಕು. ಒಬ್ಬ ಓಜನ, ಎಂದರೆ ಶಿಲ್ಪಿಯ, ಕೆಲಸವನ್ನು ಇನ್ನೊಬ್ಬನದಕ್ಕೆ ಹೋಲಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಅತಿಥಿ ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಸುಳ್ಳು ಹೇಳಿ ತೋರಿಸಿದ ಊರು ನೋಡದ ಊರಿಗಿಂತ ಕಡೆ ಎಂದು ಆ ಮನೆಯಲ್ಲಿ ಮಾತು ಕಲಿಯುವ ಮಕ್ಕಳಿಗೇ ಹೇಳಿಕೊಡುತ್ತಿದ್ದರಂತೆ. ಆ ಮನೆಯಲ್ಲಿ ಗಂಡುಸಂತಾನ ನಿಂತುಹೋಗಿ, ಕೈದೀಪ ದೇಕವ್ವೆ ಎಂಬ ಹೆಣ್ಣುಮಗಳ ಕೈಗೆ ಬಂದಿತ್ತು.

ದೇಕವ್ವೆಯ ಗಂಡ ಕೇತೋಜ ಕಲ್ಲುಕೆಲಸದವನು. ಅವರಿಗೆ ಒಬ್ಬಳೇ ಮಗಳು, ಚಾಗಲೆ. ಮದುವೆ ಗೊತ್ತಾಗಿ, ಇನ್ನೇನು ಚಪ್ಪರಕ್ಕೆ ಕಂಬ ನೆಡಬೇಕು ಎನ್ನುವಾಗ ಜ್ವರ ಬಂದು ಹುಡುಗಿ ತೀರಿಹೋದಳು. ಕೇತೋಜ ಅತ್ತದ್ದನ್ನು ಯಾರೂ ನೋಡಲಿಲ್ಲ. ಆ ಹೊತ್ತಿಗೆ ಕೆರೆಯ ಏರಿಯ ಕೆಳಗೆ ಈಶ್ವರನ ಗುಡಿ ಏಳುತ್ತಿತ್ತು. ಬಾಗಿಲ ಪಕ್ಕದ ದೀಪದ ಹುಡುಗಿಯನ್ನು ತಾನೇ ಮಾಡುತ್ತೇನೆಂದು ಕೇಳಿ ಪಡೆದ. ಕೆತ್ತಿ ಮುಗಿಸಿದಾಗ ಊರಿನವರು ಬಂದು ನೋಡಿದರು. ಚಾಗಲೆಯೇ ನಿಂತಿದ್ದಳು. ನಗು ತಡೆದುಕೊಳ್ಳುವಾಗ ಅವಳ ಕೆಳತುಟಿ ಒಂದು ಬದಿಗೆ ಒತ್ತುತ್ತಿತ್ತಲ್ಲ, ಅದು ಕೂಡ ಕಲ್ಲಿನಲ್ಲಿತ್ತು. ಎರಡು ಮಳೆಗಾಲ ಕಳೆಯುವುದರೊಳಗೆ ಕೇತೋಜನೂ ಹೋದ. ದೇಕವ್ವೆಗೆ ಉಳಿದದ್ದು ಆ ಕಲ್ಲೊಂದೇ. ನಸುಕಿನಲ್ಲಿ ಗುಡಿಗೆ ಹೋಗಿ ಅವಳ ಮೈ ಒರೆಸುವಳು, ಶುಕ್ರವಾರ ಎಣ್ಣೆ ಹಚ್ಚುವಳು, ಎಳ್ಳುಹೋಳಿಗೆ ಮಾಡಿದ ದಿನ ಹಣತೆಯ ಪಕ್ಕ ಒಂದು ಚೂರು ಇಟ್ಟು ಬರುವಳು. ಬಾಗಿಲಲ್ಲಿ ನಿಲ್ಲುವ ಮೂರ್ತಿಗೆ ಮಂತ್ರವಿಲ್ಲ, ಮಡಿಯಿಲ್ಲ. ಯಾರು ಬೇಕಾದರೂ ಮುಟ್ಟಬಹುದು. ಅದೊಂದು ಸೌಭಾಗ್ಯವೆಂದು ಅವಳು ತಿಳಿದಿದ್ದಳು.

ಆಗ ಬಡಗಣ ದೊರೆ ದಂಡೆತ್ತಿ ಬಂದ. ಅವನ ಹೆಸರನ್ನು ಊರು ಮರೆತಿದೆ; ಬೇಕೆಂದೇ ಮರೆತಿದೆ ಎನ್ನುವವರೂ ಇದ್ದಾರೆ. ಕೋಟೆ ಸೋತಿತು. ಊರು ಸುಡುವುದು ಅವನ ಕೈಯಲ್ಲಿತ್ತು. ಆದರೆ ಮಣಿಗಲ್ಲಿನ ಶಿಲ್ಪದ ಮಾತು ಅವನ ಕಿವಿಗೂ ಬಿದ್ದಿತ್ತು. ನೋಡುವ ಆಸೆಯಿಂದ ಒಂದು ಒಪ್ಪಂದಕ್ಕೆ ಬಂದ. ಒಂದು ಹಗಲು ಅವನಿಗೆ ಊರೆಲ್ಲ ತೋರಿಸಬೇಕು. ಅವನು ಮೆಚ್ಚಿದ್ದೊಂದನ್ನು ಕಿತ್ತು ತನ್ನ ಪಟ್ಟಣಕ್ಕೆ ಒಯ್ಯುತ್ತಾನೆ. ಆಮೇಲೆ ಊರಿನ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟುವುದಿಲ್ಲ. ದೈವಭಕ್ತನಾದ್ದರಿಂದ ಪೂಜೆಗೊಳ್ಳುವ ದೇವರನ್ನು ಮಾತ್ರ ಮುಟ್ಟುವುದಿಲ್ಲವೆಂದು ಅವನೇ ಮಾತು ಸೇರಿಸಿದ. ಊರಿನ ಹಿರಿಯ ಬೊಪ್ಪಗೌಡ ತಲೆಯಾಡಿಸಿ ಒಪ್ಪಿಕೊಂಡು, ದೇಕವ್ವೆಗೆ ಹೇಳಿಕಳಿಸಿದ. ಅವಳಿಗೆ ಹೊಳೆದದ್ದು ಒಂದೇ: ದೇವರುಗಳೆಲ್ಲ ಉಳಿದರು, ದೇವರಲ್ಲದ ತನ್ನ ಮಗಳು ಬಯಲಿನಲ್ಲಿ ನಿಂತಹಾಗಾಯಿತು.

ಮರುದಿನ ಅವಳು ಕಟ್ಟುಪಾಡಿನಂತೆ ದೀಪ ಹಿಡಿದು ಹೊರಟಳು. ಮೂಡಣ ಬಾಗಿಲ ಜೋಡಿ ಕಲ್ಲಾನೆಗಳನ್ನು ತೋರಿಸಿದಳು. ಕಾಳೋಜನ ಕೈ ಎಂದಳು. ಚಿತ್ರಮಂಟಪದ ಮೇಲ್ಛಾವಣಿಯಲ್ಲಿ ಹಂಸದ ಸಾಲು ಬರೆದವನ ಹೆಸರು ಹೇಳಿದಳು. ಮೆಟ್ಟಿಲುಬಾವಿಯ ಗೂಡುಗಳಲ್ಲಿ ಕುಳಿತ ವಾದ್ಯಗಾತಿಯರಿಗೆ ಒಬ್ಬೊಬ್ಬರಿಗೂ ದೀಪ ಎತ್ತಿದಳು. ಎಲ್ಲ ಕಡೆಗೂ ಅದೇ ದನಿ, ಅದೇ ಎತ್ತರ. ದೊರೆ ದಡ್ಡನಲ್ಲ. ಇವಳು ಹೋಲಿಸಿ ಹೇಳುವುದಿಲ್ಲವೆಂದು ಗೊತ್ತಾದ ಮೇಲೆ ಕಲ್ಲು ನೋಡುವುದನ್ನು ಕಡಿಮೆ ಮಾಡಿ, ದೀಪ ಹಿಡಿದ ಕೈಯನ್ನು ನೋಡತೊಡಗಿದ. ಊರಿನ ಬೆಲೆ ಊರಿನವರ ಕೈಗೇ ಗೊತ್ತಿರುತ್ತದೆ ಎಂಬ ಲೆಕ್ಕ ಅವನದು. ಬಿಸಿಲು ಬಾಗುವ ಹೊತ್ತಿಗೆ ಕೆರೆಯ ಏರಿಯ ಕೆಳಗಿನ ಗುಡಿಗೆ ಬಂದರು. ಇಲ್ಲಿ ಏನೂ ತಪ್ಪಬಾರದೆಂದು ದೇಕವ್ವೆ ದಾರಿಯುದ್ದಕ್ಕೂ ಮನಸ್ಸು ಬಿಗಿಮಾಡಿಕೊಂಡೇ ಬಂದಿದ್ದಳು. ನಂದಿಗೆ ದೀಪ ಹಿಡಿದಳು, ಕಂಬಗಳಿಗೆ ಹಿಡಿದಳು. ಬಾಗಿಲಿಗೆ ಬಂದು ಹುಡುಗಿಯ ಮುಖಕ್ಕೆ ಎತ್ತಿ, “ಕೇತೋಜನ ಕೈ” ಎಂದಳು. ದನಿ ನಡುಗಲಿಲ್ಲ. ಆದರೆ ದಂಡು ಬೀಡುಬಿಟ್ಟ ದಿನದಿಂದ ಅವಳು ಗುಡಿಗೆ ಬಂದಿರಲಿಲ್ಲ. ಕಲ್ಲಿನ ಕೆನ್ನೆಯ ಮೇಲೆ ಮಸಿ ಕೂತಿತ್ತು. ತನಗೇ ಅರಿವಿಲ್ಲದೆ ಸೆರಗಿನ ತುದಿ ಹಿಡಿದು, ಉಗುಳು ಹಚ್ಚಿ, ಆ ಮಸಿಯನ್ನು ಒರೆಸಿಬಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳಿಗೆ ಆ ಮುದ್ದೇ ಮುಳುವಾಯಿತು.

“ಇದನ್ನೇ ಒಯ್ಯತೇನಿ” ಎಂದ ದೊರೆ.

ಹಾರೆ, ಹಗ್ಗ, ಬಂಡಿ ಎಲ್ಲ ಸಿದ್ಧವಾಗಿಯೇ ಬಂದಿದ್ದವು. ಬೊಪ್ಪಗೌಡನಿಗೆ ಉಸಿರು ಬಂದಹಾಗಾಯಿತು. ಚಿತ್ರಮಂಟಪವನ್ನೇ ಬಿಚ್ಚಿಸುತ್ತಾನೆಂದು ಹೆದರಿದ್ದ ಪುಣ್ಯಾತ್ಮ ಅವನು. ದೇಕವ್ವೆಯ ಹತ್ತಿರ ಬಂದು, “ದ್ಯಾವ್ರು ದೊಡ್ಡಾಂವ ಬಿಡವ್ವಾ. ಬಾಗಲದಾಗಿನ ಕಲ್ಲೊಂದು ಹೋತು, ಊರು ಉಳೀತು” ಎಂದ. ಕೆಟ್ಟವನೇನಲ್ಲ, ಅವನಿಗೆ ಊರು ದೊಡ್ಡದಾಗಿತ್ತು. ದೇಕವ್ವೆ ದೊರೆಯ ಮುಂದೆ ಸೆರಗೊಡ್ಡಿದಳು. “ಹೆಣ್ಣುಮಗಳು ಮನಿ ಬಿಟ್ಟು ಹೊಂಟಾಗ ಉಡಿ ತುಂಬೋದು ನಮ್ಮ ಪದ್ಧತಿ, ಒಡೆಯಾ. ಅಷ್ಟಕ್ಕ ಅಪ್ಪಣಿ ಕೊಡ್ರಿ.” ಉಡಿ ತುಂಬುವುದೆಂದರೆ ತೌರು ಬಿಡುವ ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಹರಸುವುದು. ಗೆದ್ದವನಿಗೆ ಅದು ಭಾರದ ಮಾತಲ್ಲ. ಆಗಲೆಂದ.

ಸುದ್ದಿ ಕೇರಿಗೆ ಮುಟ್ಟಿ ಹೆಂಗಸರು ಬಂದರು. ಚಾಗಲೆಯ ಮದುವೆಗೆಂದು ತೆಗೆದಿಟ್ಟಿದ್ದ ಸೀರೆಯನ್ನು ದೇಕವ್ವೆ ಕಲ್ಲಿಗೆ ಉಡಿಸಿದಳು. ಹಣೆಗೆ ಕುಂಕುಮವಿಟ್ಟು, ಸೆರಗಿನ ಮಡಿಲಿಗೆ ಅಕ್ಕಿ ಸುರಿದಳು. ಅವಳ ಮನಸ್ಸಿನಲ್ಲಿ ಆಗ ಬೇರೇನೂ ಇರಲಿಲ್ಲ. ಮಾಡಲಾಗದೆ ಹೋದ ಮದುವೆಯ ಕೊನೆಯ ಕೆಲಸವನ್ನಾದರೂ ಮಾಡಿ ಕಳಿಸುತ್ತೇನೆ ಎಂದುಕೊಂಡಿದ್ದಳು, ಅಷ್ಟೇ. ಒಬ್ಬೊಬ್ಬರಾಗಿ ಹೆಂಗಸರು ಉಡಿ ತುಂಬಿದರು. ಕಡೆಗೆ ಒಬ್ಬ ಕಣ್ಣುಕಾಣದ ಮುದುಕಿ ಬಂದು, ತಡವಿ ಕುಂಕುಮ ಹಚ್ಚಿ, ಗುಡಿಯಲ್ಲಿ ದೇವಿಗೆ ಹಚ್ಚುವ ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿ ನಮಸ್ಕರಿಸಿದಳು. ಅದನ್ನು ನೋಡಿ ದೇಕವ್ವೆ ಗಕ್ಕನೆ ನಿಂತಳು. ಉಡಿಯನ್ನು ಮಗಳಿಗೂ ತುಂಬುತ್ತಾರೆ, ದೇವಿಗೂ ತುಂಬುತ್ತಾರೆ. ಮಗಳಾದರೆ ಅವಳು ತಾಯಿಯ ಕಾಲಿಗೆ ಬೀಳಬೇಕು. ದೇವಿಯಾದರೆ ತಾಯಿ ಅವಳ ಕಾಲಿಗೆ ಬೀಳಬೇಕು. ಬಿದ್ದಮೇಲೆ ಮತ್ತೆ ಮಗಳೆಂದು ಮುಟ್ಟುವಹಾಗಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯಿದೆ, ಆದರೂ ಕೊಟ್ಟ ಹೆಣ್ಣು ಹಬ್ಬಕ್ಕೆ ಬರುತ್ತಾಳೆ. ಇವಳು ಬರುವವಳಲ್ಲ. ದೇಕವ್ವೆ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಹಣೆ ಒತ್ತಿದಳು. ಆಮೇಲೆ ಹಿಂದೆ ಸರಿದು, ಉದ್ದಕ್ಕೆ ಮಲಗಿ, ಕಲ್ಲಿನ ಪಾದಕ್ಕೆ ತಲೆ ಹಚ್ಚಿದಳು. “ತಾಯೀ, ಈ ಊರು ಕಾಯವ್ವಾ” ಎಂದಳು. ನಿಂತ ಹೆಂಗಸರೆಲ್ಲ ಅವಳ ಹಿಂದೆ ಹಾಗೆಯೇ ಮಣಿದರು.

ಹಾರೆ ಹಿಡಿದವರು ದೊರೆಯ ಮುಖ ನೋಡಿದರು. ಅವನಿಗೆ ಸಿಟ್ಟು ಬಂತು. ತನ್ನ ಮಾತನ್ನೇ ಎತ್ತಿ ತನಗೆ ಅಡ್ಡ ಇಟ್ಟಿದ್ದಾಳೆಂದು ಅರ್ಥವಾಗದಷ್ಟು ಮೂಢನಲ್ಲ ಅವನು. ಆದರೆ ಊರು ತೋರಿಸುವವರು ಸುಳ್ಳಾಡುವುದಿಲ್ಲವೆಂಬುದೂ ಅವನಿಗೆ ತಿಳಿದಿತ್ತು. “ಅತಿಥಿಯಾಗಿ ಕೇಳತೇನಿ, ಖರೇ ಹೇಳು. ಈಕಿ ನಿನಗ ಮಗಳೋ, ದೇವರೋ?”

“ಈಗಿನತನಕ ಮಗಳಿದ್ದಳು, ಒಡೆಯಾ. ಇನ್ನ ನನಗ ಮಗಳಿಲ್ಲ.”

“ನಾ ಊರು ದಾಟಿದ ಮ್ಯಾಲ ಮತ್ತ ಮಗಳಂತ ಅಪ್ಪಿಕೊಂಡ್ರ?”

“ಅಪ್ಪಿಕೊಂಡ ದಿನ ಆಕಿ ಬರೇ ಕಲ್ಲಾಗ್ತಾಳ್ರಿ. ಅವತ್ತು ಬಂದು ಒಯ್ಯಿರಿ, ನಾನೇ ಬಂಡಿ ಹೂಡಿ ಕೊಡತೇನಿ.”

 ದೊರೆ ತಾನೂ ಕೈಮುಗಿದು, ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಗೆ ನಡೆದ. ಬಂಡಿ ಬರಿದಾಗಿ ಹೋಗಬಾರದೆಂದು ಮೂಡಣ ಬಾಗಿಲ ಕಲ್ಲಾನೆಗಳನ್ನು ಕೀಳಿಸಿದ. ಆನೆಗಳ ಪಾದ ಊರಿದ ಗುಳಿಗಳು ಅಲ್ಲಿ ಇಂದಿಗೂ ಇವೆ, ಮಳೆ ಬಂದಾಗ ನೀರು ನಿಲ್ಲುತ್ತದೆ.

ದೇಕವ್ವೆ ಆಮೇಲೆ ಬಹುಕಾಲ ಬಾಳಿದಳು. ಎಷ್ಟೋ ಅತಿಥಿಗಳಿಗೆ ಊರು ತೋರಿಸಿದಳು. ಈ ಗುಡಿಗೆ ಬಂದಾಗ ಹೊಸ್ತಿಲ ಹೊರಗೆ ನಿಂತು, ಅಲ್ಲಿಂದಲೇ ಕೈ ಚಾಚಿ ದೀಪ ಹಿಡಿಯುವಳು. ಬಡಗಣ ದೊರೆ ಸತ್ತ ಸುದ್ದಿ ಬಂದಾಗ ಹೆಂಗಸರು ಓಡಿಬಂದು, “ಇನ್ನ ಯಾರು ಕೇಳಾವ್ರದಾರ? ಒಮ್ಮೆ ಒಳಗ ಹೋಗಿ ಮುಟ್ಟವ್ವಾ” ಎಂದು ಅಂಗಲಾಚಿದರಂತೆ. ಅವಳು ಬಾಗಿಲವರೆಗೂ ಬಂದಳು. ಕೈ ಎತ್ತಿದಳು ಕೂಡ. ಆಮೇಲೆ ಇಳಿಸಿ, “ಬ್ಯಾಡ. ಅವತ್ತು ನಾ ಹೇಳಿದ್ದು ಸುಳ್ಳಾಗ್ತದ” ಎಂದು ಹಿಂದಕ್ಕೆ ಹೋದಳು. ಸಾಯುವವರೆಗೂ ಚಾಗಲೆ ಎಂಬ ಹೆಸರನ್ನು ಅವಳ ಬಾಯಿಂದ ಯಾರೂ ಕೇಳಲಿಲ್ಲ. ಊರಿನವರಿಗೆ ಮಾತ್ರ ಕಲ್ಲಿನ ಹುಡುಗಿಯನ್ನು ಬರೀ ದೇವಿ ಎನ್ನಲು ಮನಸ್ಸು ಒಪ್ಪಲಿಲ್ಲ. ತಾಯಿ ಬಿಟ್ಟುಕೊಟ್ಟ ‘ಮಗಳು’ ಎಂಬ ಮಾತನ್ನು ಊರು ಎತ್ತಿಕೊಂಡಿತು. ಮಗಳಮ್ಮ ಎಂದು ಕರೆಯಿತು.

ಇಂದು ಗುಡಿಗೆ ಬರುವವರು ಒಂದು ವಿಚಿತ್ರವನ್ನು ಕಾಣುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿಯರು ಗಂಡನ ಮನೆಗೆ ಹೊರಡುವ ಮುನ್ನ ಮಗಳಮ್ಮನಿಗೆ ಉಡಿ ತುಂಬಲು ಬರುತ್ತಾರೆ. ಜೊತೆಗೆ ಬಂದ ತಾಯಂದಿರು ಹೊಸ್ತಿಲು ದಾಟುವುದಿಲ್ಲ. ದಾಟಬಾರದೆಂದು ಎಲ್ಲಿಯೂ ಬರೆದಿಲ್ಲ, ಪೂಜಾರಿಯೂ ತಡೆಯುವುದಿಲ್ಲ. ಒಳಗಿನಿಂದ ಹುಡುಗಿ ತಿರುಗಿ, “ನೀನೂ ಬಾರಬೇ ಯವ್ವಾ” ಎಂದು ಕರೆಯುತ್ತಾಳೆ. ತಾಯಿ ನಿಂತಲ್ಲೇ ನಿಂತು, ಸೆರಗಿನಿಂದ ಬಾಯಿ ಒತ್ತಿಕೊಂಡು, “ಇಲ್ಲೇ ಇರತೇನಿ. ನೀ ಹೋಗಿ ಬಾ, ನನ್ನವ್ವಾ” ಎನ್ನುತ್ತಾಳೆ.