ಕಣ್ಣಿನ ಔಷಧ, ಮೊಣಕಾಲಿನ ನೋವು

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಸ್ತೂರಿ ಎಂಬ ನರ್ಸ್ ಇದ್ದಳು. ರೋಗಿಗಳನ್ನು ಕಂಪ್ಯೂಟರಿನ ಮುಂದೆ ಕೂರಿಸುವುದು ಅವಳ ಕೆಲಸ. ಪಟ್ಟಣದ ಡಾಕ್ಟರ್ ಕಟಗೇರಿ ವಿಡಿಯೊದಲ್ಲೇ ನೋಡಿ ಔಷಧ ಬರೆಯುತ್ತಿದ್ದರು. ಮೊದಲು ರೋಗಿಯ ಹೆಸರು, ವಯಸ್ಸು, ತೊಂದರೆ ಕೇಳಬೇಕೆಂದು ಹೊಸ ನಿಯಮ ಬಂತು. ಅದರ ತರಬೇತಿಗೆ ಡಾಕ್ಟರು ಹೋಗಲೇ ಇಲ್ಲ.

"ಮೂವತ್ತು ವರ್ಷದ ಅನುಭವ ನಂದು. ಮುಖ ನೋಡಿದರೆ ರೋಗ ಗೊತ್ತಾಗುತ್ತೆ. ನಾನು ಎಲ್ಲಾ ಕೇಳಿದೆ ಅಂತ ನೀವೇ ಬರೆದುಬಿಡಿ. ಇಲ್ಲಾಂದ್ರೆ ಮೇಲಿನವರಿಗೆ ನಿಮ್ಮ ಮೇಲೆ ದೂರು ಹೋಗುತ್ತೆ," ಅಂದರು.

"ಆಯ್ತು ಸರ್," ಅಂದಳು ಕಸ್ತೂರಿ.

ಮರುದಿನ ನೀಲವ್ವ ತನ್ನ ಮಾವ ಯಮನಪ್ಪನನ್ನು ಕರೆತಂದಳು. ಕಸ್ತೂರಿ ಮಾವನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿ, ಸೊಸೆಯನ್ನು ಕ್ಯಾಮೆರಾದ ಮುಂದೆ ಕೂರಿಸಿದಳು.

ಡಾಕ್ಟರು ಒಮ್ಮೆ ನೋಡಿದರು. "ಕಣ್ಣು ಕೆಂಪಾಗಿದೆ. ಕಣ್ಣುಬೇನೆ. ಔಷಧ ಬರೆದಿದ್ದೀನಿ, ಮೂರು ದಿನ ಹಾಕು."

"ನನ್ನ ಕಣ್ಣಿಗೆ ಏನೂ ಆಗಿಲ್ರಿ ಸಾಹೇಬ್ರ," ಅಂದಳು ನೀಲವ್ವ. "ಖಾನಾವಳ್ಯಾಗ ಉಳ್ಳಾಗಡ್ಡಿ ಹೆಚ್ಚಿ, ಕಣ್ಣೀರು ಒರಸ್ಕೋತ ಹಂಗ ಬಂದೀನಿ. ಬ್ಯಾನಿ ಇರೋದು ನಮ್ಮ ಮಾವನ ಮೊಣಕಾಲಾಗ."

ಕಸ್ತೂರಿ ಪೆನ್ನು ಹಿಡಿದು ವಿನಯದಿಂದ ಕೇಳಿದಳು: "ಕಣ್ಣಿನ ಔಷಧ ಯಾರ ಹೆಸರಲ್ಲಿ ಬರೀಲಿ ಸರ್? ಮಾವನ ಹೆಸರಲ್ಲೋ, ಸೊಸೆ ಹೆಸರಲ್ಲೋ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು. ಆಮೇಲೆ, "ಅವರನ್ನ ಮುಂದೆ ಕೂರಿಸಿ," ಅಂದರು. "ಯಜಮಾನರೆ, ನಿಮ್ಮ ಹೆಸರೇನು?"

ಯಮನಪ್ಪ ಹೆಸರು ಹೇಳಿದ. ಅಪ್ಪನ ಹೆಸರು ಹೇಳಿದ. ತಾನು ಜಾರಿಬಿದ್ದ ಬಾವಿಯ ಮೆಟ್ಟಿಲು ಕಟ್ಟಿಸಿದವರು ಯಾರು ಅನ್ನುವುದನ್ನೂ ಹೇಳಿದ. ಡಾಕ್ಟರು ಕೊನೆಯವರೆಗೂ ಕೇಳಿದರು.