ಚಿಟ್ಟೆಯ ರೆಕ್ಕೆಗೆ ದೃಷ್ಟಿಬೊಟ್ಟು ಬಂದದ್ದು

ಭೂಮಿಗೆ ಇನ್ನೂ ಹಾಲುಹಲ್ಲು ಬೀಳದಿದ್ದ ಕಾಲ. ದೇವರು ಹೂವಿಗೆ, ಹಕ್ಕಿಗೆ, ಹುಳಕ್ಕೆಲ್ಲ ಬಣ್ಣ ಹಚ್ಚಿ ಆಗಷ್ಟೇ ಕೈ ತೊಳೆದುಕೊಂಡಿದ್ದ. ಹಚ್ಚಿದ ಬಣ್ಣ ಇನ್ನೂ ಹಸಿಹಸಿ.

ಬೋರಮ್ಮಜ್ಜಿಯ ಹೂದೋಟದಲ್ಲಿ ಆಗ ಇಬ್ಬರು ಅಕ್ಕತಂಗಿ ಚಿಟ್ಟೆಗಳಿದ್ದರು. ಅಕ್ಕ ಹೊನ್ನಿ, ಹೊಂಬಣ್ಣದವಳು. ತಂಗಿ ನೀಲಿ, ಹೆಸರಿನ ಹಾಗೇ ಬಣ್ಣ. ಅಜ್ಜಿ ಪೂಜೆಗೆ ಹೂ ಕೊಯ್ಯಲು ಬಂದಾಗ ದೇವರ ದೀಪದ ಮೇಲೆ ಬಟ್ಟಲು ಕವುಚಿ ಹಿಡಿದ ಕಾಡಿಗೆಯನ್ನೂ ತರುತ್ತಿದ್ದಳು. ಕರುವಿನ ಹಣೆಗೊಂದು, ಕೋಳಿಮರಿಯ ಕೆನ್ನೆಗೊಂದು, ಚಿಟ್ಟೆಯ ರೆಕ್ಕೆಗೊಂದು ದೃಷ್ಟಿಬೊಟ್ಟು.

"ದೇವರು ಕೊಟ್ಟ ಚೆಂದ ಕಣ್ರೇ. ಯಾರ ಕಣ್ಣೂ ಬೀಳಬಾರದು" ಅನ್ನುತ್ತಿದ್ದಳು.

ಅಜ್ಜಿ ಅತ್ತ ತಿರುಗಿದ್ದೇ ತಡ, ಹೊನ್ನಿ ಮಲ್ಲಿಗೆ ಎಲೆಗೆ ರೆಕ್ಕೆ ಉಜ್ಜಿ ಬೊಟ್ಟನ್ನು ಒರೆಸಿಬಿಡುತ್ತಿದ್ದಳು. "ಇದನ್ನಿಟ್ಟುಕೊಂಡರೆ ಒಲೆಯೊಳಗೆ ಮಲಗೆದ್ದ ಬೆಕ್ಕಿನ ಹಾಗೆ ಕಾಣ್ತೀನಿ!" ಅಕ್ಕ ಒರೆಸಿದರೆ ತಂಗಿಯೂ ಒರೆಸುತ್ತಿದ್ದಳು. ಅಕ್ಕ ಮಾಡಿದ್ದೇ ಅವಳಿಗೆ ಶಾಸ್ತ್ರ.

ತೋಟದ ಮೂಲೆಯಲ್ಲಿ, ಕೇದಿಗೆ ಮೆಳೆಯ ನಡುವೆ, ಒಂದು ಮಡು ಇತ್ತು. ಅಲ್ಲಾಡದ ನೀರು. ಅದರೊಳಗೆ ಕಪ್ಪೆಯೂ ಕೂಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ಮಡು ಮೆಲ್ಲಗೆ ಕರೆಯಿತು. "ಬಾ ಮಗಳೇ ಹೊನ್ನಿ. ಎಷ್ಟು ಚೆಂದ ಇದ್ದೀಯೇ! ಈ ಕಲ್ಲಿನ ಮೇಲೆ ಕೂತುಕೋ. ರೆಕ್ಕೆ ಪೂರ್ತಿ ಬಿಚ್ಚು. ಸ್ವಲ್ಪ ಈ ಕಡೆ. ಹಾಂ, ಹಾಗೇ. ಅಲುಗಾಡಬೇಡ."

ಹೊನ್ನಿ ಅಲುಗಾಡಲಿಲ್ಲ.

ಕೇದಿಗೆಯ ಮುಳ್ಳೆಲೆಯ ಮರೆಯಿಂದ ನೀಲಿ ನೋಡುತ್ತಿದ್ದಳು. ಒದ್ದೆ ಸೀರೆಯಿಂದ ಬಣ್ಣ ಬಿಡುವ ಹಾಗೆ ಅಕ್ಕನ ಹೊಂಬಣ್ಣ ನೀರಿಗೆ ಇಳಿಯಿತು. ನೀರೊಳಗೆ ಇನ್ನೊಬ್ಬಳು ಹೊನ್ನಿ ಬಂಗಾರದಂತೆ ಹೊಳೆಯುತ್ತಾ ನಿಂತಳು. ಕಲ್ಲಿನ ಮೇಲಿದ್ದವಳು ಸುಣ್ಣದಂತೆ ಬಿಳಿಚಿಕೊಂಡಳು. ಮೀಸೆ ಕೂಡ ಮಿಸುಕಲಿಲ್ಲ.

"ಅಕ್ಕಾ!" ಎಂದು ನೀಲಿ ಕೂಗಿದಳು. ಹೊನ್ನಿಗೆ ಕೇಳಿಸಲೇ ಇಲ್ಲ.

ದಡದಲ್ಲಿದ್ದ ಕೊಕ್ಕರೆ ನಿಟ್ಟುಸಿರುಬಿಟ್ಟಿತು. "ನಾನೂ ದಾಸವಾಳದಂತೆ ಕೆಂಪಗಿದ್ದೆ ಮರಿ. ನನ್ನದು ಗಟ್ಟಿ ಪಿಂಡ, ಬಣ್ಣ ಹೋದರೂ ಜೀವ ಉಳಿಯಿತು. ನಿಮ್ಮದು ಎಳೆ ಜೀವ. ಸೂರ್ಯ ನೆತ್ತಿಗೆ ಬಂದಾಗ ಮಡು ಆ ಬಿಂಬವನ್ನು ತಳಕ್ಕೆ ಇಳಿಸಿಕೊಳ್ಳುತ್ತೆ. ಆಮೇಲೆ ನಿಮ್ಮಕ್ಕ ಏಳೋದಿಲ್ಲ."

ನೀಲಿ ಗಾಳಿಯನ್ನು ಬೇಡಿಕೊಂಡಳು. "ಗಾಳಿಮಾವಾ, ಆ ನೀರನ್ನೊಮ್ಮೆ ಅಲುಗಿಸು. ಬಿಂಬ ಒಡೆದು ಅಕ್ಕ ಏಳಲಿ."

"ಹೇಗಮ್ಮಾ ಅಲುಗಿಸಲಿ? ಸುತ್ತಲೂ ಕೇದಿಗೆ ಗೋಡೆ ಕಟ್ಟಿಕೊಂಡಿದೆ. ನುಗ್ಗೋದಕ್ಕೆ ಒಂದು ಸಂದಿಯಿಲ್ಲ" ಎಂದಿತು ಗಾಳಿ.

ನೀಲಿ ಬೋರಮ್ಮಜ್ಜಿಯ ದೇವರ ಮನೆಗೆ ಹಾರಿ ಬಂದಳು. "ಅಜ್ಜೀ, ನಾವು ಬೊಟ್ಟು ಒರೆಸಿಕೊಂಡೆವು. ದಿನಾ ಒರೆಸಿಕೊಳ್ತಿದ್ದೆವು. ಮಡು ಅಕ್ಕನನ್ನು ಹಿಡಿದುಬಿಟ್ಟಿದೆ."

ಅಜ್ಜಿಯ ಮುಖ ಕಪ್ಪಿಟ್ಟಿತು. "ಬೈಯೋದಕ್ಕೆ ನಾಳೆ ಇದೆ. ಇವತ್ತು ರೆಕ್ಕೆ ಬಿಚ್ಚು."

"ನೀನೂ ಬಾ ಅಜ್ಜಿ. ನನಗೆ ಭಯ ಆಗುತ್ತೆ."

"ನಾನು ಬಂದರೆ ಅದು ಬರೀ ನೀರು ಕಂದಾ. ಒಂದು ಕೊಡ ತುಂಬಿಸಿಕೊಂಡು ಬರಬಹುದು, ಅಷ್ಟೇ. ನಿನ್ನ ಮುಂದೆಯೇ ಅದು ಬಾಯಿ ಬಿಡೋದು. ನಾನಿಲ್ಲಿ ದೀಪ ಆರದ ಹಾಗೆ ಕೂತಿರ್ತೀನಿ."

ಅಜ್ಜಿ ಅವಸರದಲ್ಲೇ ಕಾಡಿಗೆ ಇಟ್ಟಳು. ಬೆರಳಿನಲ್ಲಿದ್ದ ಪೂಜೆಯ ಅರಿಶಿನ ಕಪ್ಪು ಬೊಟ್ಟಿನ ಸುತ್ತ ಬಳೆಯ ಹಾಗೆ ಮೆತ್ತಿಕೊಂಡಿತು. ಆ ರೆಕ್ಕೆಗೊಂದು, ಈ ರೆಕ್ಕೆಗೊಂದು.

ನೀಲಿ ಮಡುವಿಗೆ ಬಂದು, ರೆಕ್ಕೆ ಮುಚ್ಚಿಕೊಂಡೇ ಅಕ್ಕನ ಪಕ್ಕ ಕೂತಳು. ಕಲ್ಲಿನ ನೆರಳು ಅಂಗೈಯಷ್ಟು ಉಳಿದಿತ್ತು.

"ಬಂದೆಯಾ?" ಎಂದಿತು ಮಡು. "ಬಿಚ್ಚು ಮಗಳೇ. ನಿನ್ನ ಬಿಂಬ ಕೊಡು, ನಿಮ್ಮಕ್ಕನದನ್ನು ಬಿಡ್ತೀನಿ."

"ಮೊದಲು ಅವಳನ್ನು ಬಿಡು."

"ಆಹಾ, ಜಾಣೆ! ಮೊದಲು ರೆಕ್ಕೆ."

ನೆರಳು ಬೆರಳಿನಷ್ಟಾಯಿತು. ನೀಲಿ ಆರು ಕಾಲನ್ನೂ ಕಲ್ಲಿಗೆ ಊರಿದಳು. 'ಕೊಟ್ಟವನು ನೀನು ಸ್ವಾಮಿ. ಕಾಯುವವನೂ ನೀನೇ' ಎಂದು ಮನಸ್ಸಿನಲ್ಲೇ ಹೇಳಿಕೊಂಡು ರೆಕ್ಕೆ ಬಿಚ್ಚಿದಳು.

"ಹಾಂ, ಹಾಗೇ. ಅಲುಗಾಡಬೇಡ."

ರೆಕ್ಕೆಯ ಅಂಚು ತಣ್ಣಗಾಯಿತು. ನೀಲಿ ಬಣ್ಣ ಒಂದೆಳೆ ನೀರಿಗೆ ಇಳಿಯಿತು. ಇನ್ನೊಂದೆಳೆ ಇಳಿಯಿತು. ಮಡುವಿನ ನೋಟ ಆಸೆಬುರುಕ ನಾಲಿಗೆಯ ಹಾಗೆ ರೆಕ್ಕೆಯನ್ನೆಲ್ಲ ಸವರುತ್ತಾ ಬಂದು, ಬೊಟ್ಟುಗಳ ಮೇಲೆ ನಿಂತಿತು.

ನಿಂತೇಬಿಟ್ಟಿತು.

ಎರಡು ಕಣ್ಣು! ಹಳದಿ ಬಳೆಯೊಳಗೆ ಎರಡು ಕಪ್ಪು ಕಣ್ಣು, ರೆಪ್ಪೆ ಮಿಟುಕಿಸದೆ ಮಡುವನ್ನೇ ನೋಡುತ್ತಿದ್ದವು. ಅಲ್ಲಿಗೆ ಬಂದವರೆಲ್ಲ ನೀರಿನಲ್ಲಿ ತಮ್ಮನ್ನು ತಾವು ನೋಡಿಕೊಂಡು ಮೈಮರೆಯುತ್ತಿದ್ದರೇ ಹೊರತು, ಮಡುವನ್ನು ಯಾರೂ ನೋಡಿದ್ದಿಲ್ಲ.

"ಯಾ... ಯಾರದು?" ಎಂದಿತು ಮಡು. "ನನ್ನನ್ನು ನೋಡಬೇಡ. ನೋಡಬೇಡ ಅಂದೆ!"

ಕಣ್ಣುಗಳು ನೋಡುತ್ತಲೇ ಇದ್ದವು. ಹುಟ್ಟಿದಂದಿನಿಂದ ಅಲುಗದ ನೀರು ಹೆದರಿಕೆಯಿಂದ ನಡುಗಿತು. ಅಲೆ ಎದ್ದಿತು. ಬಂಗಾರದ ಬಿಂಬ ನೂರು ಚೂರಾಗಿ ಒಡೆಯಿತು.

ನೀಲಿ ಪಟ್ಟನೆ ರೆಕ್ಕೆ ಮುಚ್ಚಿದಳು. ಪಕ್ಕದಲ್ಲಿ ಹೊನ್ನಿಯ ಮೀಸೆ ಮಿಸುಕಿತು.

"ಏಳೇ ಅಕ್ಕಾ! ಹಾರು!"

ಇಬ್ಬರೂ ಹಾರಿದರು. ಮಡುವಿನ ನೋಟ ಬೆನ್ನಿಗೆ ಬಿದ್ದೀತೆಂಬ ಹೆದರಿಕೆಗೆ ನೆಟ್ಟಗೆ ಹಾರಲಿಲ್ಲ. ಮೇಲೆ ಕೆಳಗೆ, ಆಚೆ ಈಚೆ, ಎಲ್ಲಿಯೂ ಗಳಿಗೆ ನಿಲ್ಲದೆ ಹಾರಿ ಅಜ್ಜಿಯ ಮಡಿಲಿಗೆ ಬಂದು ಬಿದ್ದರು.

ಜೀವ ಬಂದಿತ್ತು, ಬಣ್ಣ ಬರಲಿಲ್ಲ. ನೀರಿನಲ್ಲಿ ಕದಡಿಹೋದ ಹೊಂಬಣ್ಣವನ್ನು ಸೋಸಿ ತರುವವರು ಯಾರು? ಹೊನ್ನಿ ಬೆಳ್ಳಗೇ ಉಳಿದಳು. ಅಜ್ಜಿ ದೀಪಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು, ಕಾಡಿಗೆಯ ಬಟ್ಟಲಿಗೆ ಬೆರಳದ್ದಿದಳು.

"ನನಗ್ಯಾಕಜ್ಜಿ ಈಗ? ಈ ಸುಣ್ಣದ ಮೈ ಮೇಲೆ ಯಾರ ಕಣ್ಣು ಬೀಳುತ್ತೆ?" ಎಂದಳು ಹೊನ್ನಿ.

"ನನ್ನ ಕಣ್ಣೇ ಬೀಳುತ್ತೆ ಕಣೇ. ಅಷ್ಟು ಚೆಂದ ಕಾಣ್ತಿದ್ದೀಯ, ಬದುಕಿ ಬಂದೆಯಲ್ಲ" ಎಂದು ಅಜ್ಜಿ ಅವಳ ಬಿಳಿ ರೆಕ್ಕೆಗೂ ಒಂದು ಬೊಟ್ಟಿಟ್ಟಳು. ಹೊನ್ನಿ ಒರೆಸಿಕೊಳ್ಳಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ನೀನು ತೋಟದಲ್ಲಿ ಫೋನು ಹಿಡಿದು, ಉಸಿರು ಬಿಗಿಹಿಡಿದು, "ಅಲುಗಾಡಬೇಡ, ಒಂದೇ ಒಂದು ಫೋಟೋ" ಎಂದು ಹತ್ತಿರ ಹೋದ ಕೂಡಲೇ ಚಿಟ್ಟೆ ಪಟ್ಟನೆ ರೆಕ್ಕೆ ಮುಚ್ಚಿಬಿಡುತ್ತದೆ. ಎಂದಾದರೊಮ್ಮೆ ನಿನ್ನನ್ನು ನಂಬಿ ಬಿಚ್ಚಿದರೂ, ಆ ಫೋಟೋದೊಳಗಿಂದ ಎರಡು ಕಪ್ಪು ಕಣ್ಣು ನಿನ್ನನ್ನೇ ನೋಡುತ್ತಿರುತ್ತವೆ.