ತಿಬ್ಬಯ್ಯ ತೂಗಿದ ತೋಟಾ

ಬಹಳ ಹಿಂದೆ, ಕಾಡಂಚಿನ ಒಂದೂರಲ್ಲಿ ತಿಬ್ಬಯ್ಯ ಅಂತ ಒಬ್ಬನಿದ್ದ. ಯಾವ ಕಾಲ, ಯಾವ ದೊರೆ ಅಂತೆಲ್ಲ ಕೇಳಬೇಡಿ. ನಮ್ಮಜ್ಜಿ ನನಗೆ ಹೇಳುವಾಗಲೇ ಇದು ಹಳೇ ಮಾತಾಗಿತ್ತು. ಊರಿನ ಹೆಸರು ಗವಿಬಾರೆ. ನೆಟ್ಟಗೆ ಕೂತು ಕೇಳಿ, ಆ ಕಡಲೆಕಾಯಿ ಸುಲಿಯೋದು ನಿಲ್ಲಿಸಿ. ಇದು ಬಾಯಾಡಿಸುತ್ತ ಕೇಳುವ ಕಥೆಯಲ್ಲ.

ತಿಬ್ಬಯ್ಯನದು ಕುಲುಮೆ ಕೆಲಸ. ಕುಡುಗೋಲು, ಗುದ್ದಲಿ, ನೇಗಿಲ ಗುಳ ಎಲ್ಲ ಮಾಡುತ್ತಿದ್ದ. ಆದರೆ ಹೆಸರು ಹಬ್ಬಿದ್ದು ಕೋವಿಯಿಂದ. ಸುತ್ತ ಹದಿನೆಂಟು ಹಳ್ಳಿಯಲ್ಲಿ ಯಾರ ಕೋವಿ ಕೆಟ್ಟರೂ ಅವನ ಬಾಗಿಲಿಗೇ ಬರಬೇಕು. ದೂರದಲ್ಲಿ ಈಡಿನ ಸದ್ದಾದರೆ, ಇದು ಯಾವ ಊರಿನ ಕೋವಿ, ಎಷ್ಟು ಮದ್ದು ತುಂಬಿದ್ದಾರೆ ಅಂತ ಕೂತಲ್ಲೇ ಹೇಳುತ್ತಿದ್ದನಂತೆ. ಮೂರು ಬೆಟ್ಟದಾಚೆಯ ಮದ್ದಿನ ವಾಸನೆ ಅವನ ಮೂಗಿಗೆ ಬರುತ್ತಿತ್ತು ಅಂತಲೂ ಅಂತಾರೆ. ನಂಬೋದು ಬಿಡೋದು ನಿಮಗೆ ಸೇರಿದ್ದು.

ಅವನಿಗೊಂದು ಚಾಳಿ. ಏನನ್ನೇ ಆಗಲಿ ತೂಗಿಯೇ ಮಾತಾಡುವುದು. ಜಗುಲಿಯ ತೊಲೆಗೆ ಒಂದು ಪುಟ್ಟ ತಕ್ಕಡಿ ನೇತು ಹಾಕಿದ್ದ. ಒಂದು ಒಳ್ಳೆಯ ಗುಣಕ್ಕೆ ಬಲ ತಟ್ಟೆಗೆ ಒಂದು ಹುಣಸೆಬೀಜ, ಒಂದು ಕೆಟ್ಟ ಗುಣಕ್ಕೆ ಎಡ ತಟ್ಟೆಗೆ ಒಂದು. ಎತ್ತು ಕೊಳ್ಳುವಾಗಲೂ ಹಾಗೇ, ಮಗಳಿಗೆ ಗಂಡು ನೋಡುವಾಗಲೂ ಹಾಗೇ. ಬೀಗರನ್ನು ಎದುರಿಗೇ ಕೂರಿಸಿಕೊಂಡು ಅವರ ಮಗನನ್ನು ತೂಗಿದನಂತೆ! ಬೀಗರು ಬಿಟ್ಟ ಬಾಯಿ ಮುಚ್ಚಲಿಲ್ಲವಂತೆ. ಆ ಗಂಡಿನ ಹೆಸರು ಜವನಿಗ. ಬಲಕ್ಕೆ ಆರು ಬೀಜ ಬಿತ್ತು. ಎಡಕ್ಕೆ ಬಿದ್ದದ್ದು ಒಂದೇ, ಹುಡುಗ ಆತುರಗಾರ ಅಂತ. ಮದುವೆ ಆಯಿತು. ಜವನಿಗ ಮನೆಯಳಿಯನಾಗಿ ಬಂದು ಮಾವನ ಕುಲುಮೆಯಲ್ಲಿ ತಿದಿ ಒತ್ತಿದ. ಮಗಳು ಕೆಂಪಾಜಮ್ಮ ಬಸುರಿಯಾದಳು.

ಆ ವರ್ಷವೇ ಊರಿಗೆ ಒಂಟಿ ಕಾಡುಹಂದಿಯೊಂದು ಗಂಟುಬಿತ್ತು. ಹೊಲ ಉತ್ತಂತೆ ಉತ್ತುಬಿಡುತ್ತಿತ್ತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳನ್ನು ಹಾಡಹಗಲೇ ಸೀಳಿಹಾಕಿತು. ಊರಲ್ಲಿದ್ದದ್ದು ನಾಡಕೋವಿ, ಕೊಳವೆಯ ಬಾಯಿಂದ ಮದ್ದು ಜಡಿದು ಗುಂಡು ಹಾಕುವಂಥದ್ದು. ಮೂರು ಗುಂಡು ಮೈಯಲ್ಲಿ ಇಟ್ಟುಕೊಂಡೇ ಆ ಹಂದಿ ಓಡಾಡುತ್ತಿತ್ತಂತೆ. ಕೊನೆಗೆ ಪಟೇಲ ಕೆಂಗಣ್ಣೇಗೌಡರು ಮನೆಮನೆಯಿಂದ ರಾಗಿ ಎತ್ತಿಸಿ, ಪೇಟೆಯಿಂದ ಕೋವಿ ಮಾರುವವನನ್ನು ಕರೆಸಿದರು.

ಅವನು ಮೂರು ತೋಟಾಕೋವಿ ತಂದ. ತೋಟಾ ಅಂದರೆ ಮದ್ದು, ಗುಂಡು ಎರಡೂ ಒಂದೇ ಹಿತ್ತಾಳೆ ಕೊಳವೆಯಲ್ಲಿ ತುಂಬಿ ಬರುವಂಥದ್ದು. ಮೂರಕ್ಕೆ ಮೂರು ಬಗೆಯ ತೋಟಾ. ಒಂದು ಕಿರುಬೆರಳ ಗಾತ್ರ, ಒಂದು ಉಂಗುರಬೆರಳ ಗಾತ್ರ, ಒಂದು ಹೆಬ್ಬೆರಳ ಗಾತ್ರ. ಯಾವುದು ಕೊಳ್ಳೋದು? ತಿಬ್ಬಯ್ಯ ತೂಗಲಿ ಅಂದರು ಪಟೇಲರು. ತಿಬ್ಬಯ್ಯನಿಗೆ ಮೂರು ದಿನ ಹಿಡಿಯಿತು. ಸಣ್ಣದು ಹೊಡೆದರೆ ಭುಜಕ್ಕೆ ಗೊತ್ತೇ ಆಗುವುದಿಲ್ಲ, ಆದರೆ ಹಂದಿಗೂ ಗೊತ್ತಾಗುವುದಿಲ್ಲ ಅಂದ. ದೊಡ್ಡದನ್ನು ಪಟೇಲರೇ ಹೊಡೆದು ನೋಡಿದರು. ಗುಂಡು ಎಲ್ಲಿಗೋ ಹೋಯಿತು, ಪಟೇಲರು ಅಂಗಾತ ಬಿದ್ದರು, ಪೇಟ ಕಳ್ಳಿಬೇಲಿಗೆ ಸಿಕ್ಕಿಕೊಂಡಿತು. ನಗಬೇಡಿ, ಪಟೇಲರೆದುರು ಆವತ್ತು ಯಾರೂ ನಗಲಿಲ್ಲ.

ಉಳಿದದ್ದು ನಡುವಿನದು. ಒಂಬತ್ತು ಬಾಳೆದಿಂಡು ಕಡಿಸಿ, ಒಂದರ ಹಿಂದೊಂದು ನಿಲ್ಲಿಸಿ, ತಿಬ್ಬಯ್ಯನೇ ಅರವತ್ತು ಹೆಜ್ಜೆ ದೂರದಿಂದ ಹೊಡೆದ. ಒಂಬತ್ತನ್ನೂ ತೂತು ಮಾಡಿಕೊಂಡು ಗುಂಡು ಆಚೆ ಹೋಗಿಬಿಟ್ಟಿತು! ಊರಿಗೆ ಊರೇ ಹುಡುಕಿದರೂ ಸಿಗಲಿಲ್ಲ. ಜನ ಬೆಚ್ಚಿಬಿದ್ದರು. ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಂಡರು. ನಾಡಕೋವಿಯ ಗುಂಡು ಮೂರನೇ ದಿಂಡಿಗೇ ಸುಸ್ತಾಗಿ ಕೂತುಬಿಡುತ್ತಿತ್ತು, ಅದನ್ನು ಕಂಡ ಜನ ಅವರು.

ತಿಬ್ಬಯ್ಯ ತಕ್ಕಡಿ ಮುಂದೆ ಕೂತ. ಬಲಕ್ಕೆ ಹಾಕುತ್ತ ಬಂದ. ಭುಜ ತಡೆಯುತ್ತೆ, ಒಂದು. ಇನ್ನೂರು ಹೆಜ್ಜೆ ನೆಟ್ಟಗೆ ಹೋಗುತ್ತೆ, ಎರಡು. ಹಂದಿ, ಕಡವೆ, ಕರಡಿ ಯಾವುದಾದರೂ ಬೀಳುತ್ತೆ, ಮೂರು. ಮಾಂಸ ಚಿಂದಿ ಆಗಲ್ಲ, ನಾಲ್ಕು. ಈ ಕಡೆ ಹೊಕ್ಕು ಆ ಕಡೆ ಹೊರಡುತ್ತೆ, ಎರಡು ತೂತಿಂದ ನೆತ್ತರು ಸುರಿಯುತ್ತೆ, ಗಾಯದ ಪ್ರಾಣಿ ಕಾಡಲ್ಲಿ ತಪ್ಪಿಸಿಕೊಂಡು ನರಳಿ ಸಾಯೋ ಹಾಗಿಲ್ಲ, ಐದು. ಆಮೇಲೆ ಎಡಕ್ಕೆ. ಕಾಟಿ, ಆನೆ ಮೇಲೆ ಬಂದರೆ ಸಾಲದು. ತೋಟಾ ಮುಗಿದರೆ ಪೇಟೆಗೇ ಓಡಬೇಕು. ಕೆಟ್ಟರೆ ನನ್ನ ಕುಲುಮೆಯಲ್ಲಿ ರಿಪೇರಿ ಆಗಲ್ಲ. ಮೂರು.

"ಗೌಡ್ರೆ, ಒಳ್ಳೇದೂ ಹೇಳಿವ್ನಿ, ಕೆಟ್ಟದ್ದೂ ಹೇಳಿವ್ನಿ. ತಕ್ಕಡಿ ನೀವೇ ನೋಡ್ಕಳಿ" ಅಂದ.

ಬಲ ತಟ್ಟೆ ಕೆಳಗಿತ್ತು. ನಡುವಿನ ತೋಟಾದ ಕೋವಿಯನ್ನೇ ಕೊಂಡರು.

ಈಗ ಇಲ್ಲಿ ಒಂದು ಪದ್ಧತಿ ಹೇಳಬೇಕು. ಆ ಸೀಮೆಯಲ್ಲಿ ಬೇಟೆ ಬಿದ್ದರೆ, ಮೊದಲು ಓಡಿಹೋಗಿ ಬಾಲ ಹಿಡಿದವನಿಗೆ ಒಂದು ತೊಡೆ. ಈಡು ಹೊಡೆದವನ ಪಾಲು ಬೇರೆ, ಬಾಲ ಹಿಡಿದವನ ಪಾಲು ಬೇರೆ. ಅದಕ್ಕೇ ಗಟ್ಟಿಗರು ಪ್ರಾಣಿ ಬರುವ ಜಾಡಿನ ಆಚೆ, ಪೊದೆಯಲ್ಲಿ ಅವಿತುಕೊಳ್ಳುತ್ತಿದ್ದರು. ಹೇಗೂ ನಾಡಕೋವಿಯ ಗುಂಡು ಪ್ರಾಣಿಯ ಮೈಯಲ್ಲೇ ನಿಲ್ಲುತ್ತೆ. ತಲತಲಾಂತರದಿಂದ ಹೀಗೇ ನಡೆದಿತ್ತು, ಯಾರಿಗೂ ಏನೂ ಆಗಿರಲಿಲ್ಲ. ತಿಬ್ಬಯ್ಯನೇ ಹರೆಯದಲ್ಲಿ ಒಂಬತ್ತು ಬಾಲ ಹಿಡಿದವನಂತೆ.

ಬೇಟೆಯ ದಿನ ಬೆಳಗ್ಗೆ ಜವನಿಗ ಹೆಂಡತಿಗೆ ಹೇಳಿದ, "ನಿಂಗೆ ಇವತ್ತು ತೊಡೆ ಮಾಂಸ ತಂದೇ ತತ್ತೀನಿ ಕಣಮ್ಮಿ." ತಿಬ್ಬಯ್ಯ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡು ಮೀಸೆಯಲ್ಲೇ ನಕ್ಕ. ನಮ್ಮಜ್ಜಿ ಇಲ್ಲಿಗೆ ಬಂದಾಗಲೆಲ್ಲ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಅಯ್ಯೋ, ನಕ್ಕನಂತಲ್ಲಾ, ನಕ್ಕನಂತಲ್ಲಾ ಅನ್ನುತ್ತಿದ್ದಳು.

ಆರಿಸಿದವನೇ ಮೊದಲ ಈಡು ಹೊಡೆಯಲಿ ಅಂತ ಪಟೇಲರು ಹೊಸ ಕೋವಿಯನ್ನು ತಿಬ್ಬಯ್ಯನ ಕೈಗೇ ಕೊಟ್ಟರು. ಹಂದಿ ಎಬ್ಬಿಸಲು ತಮಟೆ ಬಡಿದು ಕಾಡು ಸೋವಿದರು. ಹೊತ್ತು ನೆತ್ತಿಗೇರುವ ಹೊತ್ತಿಗೆ ಹಂದಿ ಹೊರಬಿತ್ತು. ಹುಚ್ಚೆಳ್ಳಿನ ಹೊಲದ ಅಂಚಲ್ಲಿ ಅಡ್ಡಲಾಗಿ ನಿಂತಿತು. ತಿಬ್ಬಯ್ಯ ಹೊಡೆದ. ಒಂದೇ ಈಡು. ಹಂದಿ ನಿಂತಲ್ಲೇ ಕುಸಿಯಿತು.

ಕೇಕೆಯೋ ಕೇಕೆ! ಜನ ನುಗ್ಗಿ ಓಡಿದರು. ಹೋಗಿ ನೋಡಿದರೆ ಬಾಲ ಹಿಡಿದವರು ಯಾರೂ ಇಲ್ಲ. "ಜವನಿಗ ಎಲ್ಲೋ?" ಅಂದರು. "ಆತುರಗಾರ್ನಿಗೆ ಇವತ್ತೇ ನಿದ್ದೆ ಬಂದ್ಬುಡ್ತಾ?" ಅಂತ ಒಬ್ಬ ಕೂಗಿದ. ಎಲ್ಲರೂ ಹೋ ಅಂತ ನಕ್ಕರು. ನಗುನಗುತ್ತಲೇ ಪೊದೆ ಸರಿಸಿದರು.

ಜವನಿಗ ಕುಕ್ಕರುಗಾಲಲ್ಲಿ ಕೂತೇ ಇದ್ದ, ಓಡಲು ಒಂದು ಕಾಲು ಮುಂದಿಟ್ಟು. ಎದೆಯಲ್ಲಿ ತೂತು. ಹಂದಿಯನ್ನು ಹೊಕ್ಕು ಬಂದ ಗುಂಡು ಅವನನ್ನೂ ಹೊಕ್ಕು ಹೋಗಿತ್ತು.

ಅಯ್ಯೋ, ಆ ನಗು ಅಲ್ಲೇ ಹೆಪ್ಪುಗಟ್ಟಿತಂತೆ. ತಮಟೆಯವನ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತಂತೆ. ತಿಬ್ಬಯ್ಯ ಬಂದು ನೋಡಿದ. ನೋಡಿದ, ನೋಡಿದ. ಎಷ್ಟು ಹೊತ್ತು ನಿಂತಿದ್ದನೋ, ಅವನ ಕೈಯಿಂದ ಕೋವಿ ಬಿಡಿಸಿಕೊಳ್ಳಲು ನಾಲ್ಕು ಜನ ಬೇಕಾಯಿತು ಅಂತಾರೆ. ಆ ಹಂದಿಯನ್ನು ಯಾರೂ ತಿನ್ನಲಿಲ್ಲ, ಅಲ್ಲೇ ಹೂತರು.

ಪಟೇಲರು ಹಣೆಬರಹ ಅಂದರು. ಹಿರಿಯರು ಯಾರ ತಪ್ಪೂ ಅಲ್ಲ ಅಂದರು. ಕೆಂಪಾಜಮ್ಮ ಅಳಲಿಲ್ಲ. ಏಳು ತಿಂಗಳ ಬಸುರಿ ಜಗುಲಿಗೆ ಹೋದಳು. ತೂಗಿದ ತಕ್ಕಡಿ ಬೀಜಗಳ ಸಮೇತ ಅಲ್ಲೇ ನೇತಾಡುತ್ತಿತ್ತು. ಊರಿನವರೆಲ್ಲರ ಎದುರು ಅಪ್ಪನನ್ನು ಕೇಳಿದಳು.

"ಅಪ್ಪಾ, ನನ್ ಗಂಡನ್ನ ಕೊಂದ ಬೀಜ ಯಾವುದಪ್ಪಾ?"

ತಿಬ್ಬಯ್ಯ ಐದನೆಯ ಬೀಜ ತೆಗೆದ. ಆ ಕಡೆ ಹೊರಡುತ್ತೆ ಅಂತ ಬಲಕ್ಕೆ ಹಾಕಿದ್ದ ಬೀಜ. ಅದನ್ನು ಎಡ ತಟ್ಟೆಗೆ ಇಟ್ಟ. ಈ ಕಡೆ ನಾಲ್ಕು, ಆ ಕಡೆ ನಾಲ್ಕು, ತಕ್ಕಡಿ ಸಮ ನಿಲ್ಲಬೇಕಿತ್ತು ತಾನೆ? ನಿಲ್ಲಲಿಲ್ಲವಂತೆ. ಎಡ ತಟ್ಟೆ ದಾರ ಕಿತ್ತುಕೊಂಡು ನೆಲಕ್ಕೆ ಬಡಿಯಿತಂತೆ. ಕಂಡವರು ದಂಗಾಗಿ ಹಿಂದೆ ಸರಿದರು ಅಂತಾರೆ.

ಅವತ್ತಿಂದ ತಿಬ್ಬಯ್ಯ ಏನನ್ನೂ ತೂಗಲಿಲ್ಲ. ಕುಲುಮೆಯನ್ನು ಬೇರೆಯವರಿಗೆ ಬಿಟ್ಟ. ಎಲ್ಲೇ ಬೇಟೆ ಅಂದರೂ ಅಲ್ಲಿಗೆ ಹೋಗಿ, ಜಾಡಿನ ಆಚೆ ಕಡೆ ಪೊದೆ ಪೊದೆ ಬಡಿದು ಅವಿತವರನ್ನೆಲ್ಲ ಎಬ್ಬಿಸಿ ಓಡಿಸುತ್ತಿದ್ದ. ಬೈಸಿಕೊಂಡ, ಏಟೂ ತಿಂದ. "ಆಚೆ ನಾನಿವ್ನಿ, ತಡೀರೋ!" ಅಂತ ಅವನು ಕೂಗಿದರೆ ಯಾರೂ ಕೋವಿ ಎತ್ತುವಂತಿರಲಿಲ್ಲ. ಒಂದೇ ದಿನ ಮೂರು ಬೆಟ್ಟದಲ್ಲಿ ಅವನ ಕೂಗು ಕೇಳಿದವರಿದ್ದಾರೆ ಅಂತಾರೆ. ಅವನು ಸತ್ತ ಮೇಲೂ ಒಂದಷ್ಟು ವರ್ಷ ಕೇಳುತ್ತಿತ್ತು ಅಂತಲೂ ಅಂತಾರೆ.

ಅವನು ಸತ್ತ ದಿನ ಊರವರು ಕೂತು, ಇನ್ನು ಆಚೆ ಯಾರು ನಿಲ್ಲೋದು, ಕೂಲಿಯವನನ್ನು ಇಡೋಣವೇ ಅಂತ ಮಾತಾಡಿದರು. ಕೆಂಪಾಜಮ್ಮ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಎದ್ದು ನಿಂತಳು.

"ಕೂಲಿಯವ್ನು ಬ್ಯಾಡ. ಹೊಡಿಯೋನ ಮನೆಯವ್ರೇ ಹೋಗಿ ನಿಂತ್ಕಳ್ಳಿ" ಅಂದಳು.

ಈಗ ಬೇಟೆ ಇಲ್ಲ, ಕೋವಿಯೂ ಇಲ್ಲ. ಆದರೂ ಗವಿಬಾರೆ ಸುತ್ತ ಮರ ಉರುಳಿಸುವಾಗ, ಬಂಡೆಗೆ ಮದ್ದಿಡುವಾಗ, ಕೆಲಸ ಮಾಡುವವನ ಹೆಂಡತಿಯೋ ತಾಯಿಯೋ ಮಗಳೋ ಮೊದಲು ಆಚೆ ಹೋಗಿ ನಿಲ್ಲಬೇಕು. ಅವನು ಈಚೆಯಿಂದ "ಆಚೆ ಯಾರು?" ಅಂತ ಕೂಗಬೇಕು. ಅವಳು ಸುತ್ತ ಎಲ್ಲ ನೋಡಿ, ಯಾರೂ ಇಲ್ಲ ಅಂತ ಗಟ್ಟಿ ಮಾಡಿಕೊಂಡು, "ನಾನು" ಅನ್ನಬೇಕು. ಆಮೇಲೆ ಅವಳು ನಡೆದು ಈಚೆ ಬಂದು ಅವನ ಪಕ್ಕ ನಿಂತ ಮೇಲೇ ಕೆಲಸ.

ಹಿತ್ತಲ ಆಲದ ಮರ ಕಡಿಯುವಾಗ ನಾನೂ ಹೋಗಿ ನಿಂತಿದ್ದೆ. ನಿಮ್ಮ ತಾತ ಕೊಡಲಿ ಹಿಡಿದು ಈಚೆಯಿಂದ ಕೂಗಿದರು. "ನಾನು" ಅಂದೆ. ಈಚೆ ಬಂದು ಪಕ್ಕ ನಿಂತ ಮೇಲೂ ಕೊಡಲಿ ಎತ್ತದೆ, ಮನುಷ್ಯ ಇನ್ನೊಂದು ಸಲ ಕೂಗಿದರು, "ಆಚೆ ಯಾರು?"